ದಿನಾ ಬೆಟ್ಟ ಹತ್ತುವ ಮೇಷ್ಟ್ರು

ನಿತ್ಯ ಬೆಳಿಗ್ಗೆ ಊರ ಬೆಟ್ಟ ಹತ್ತಿ ದೇವರಿಗೆ ಕೈಮುಗಿದು ಬರುತ್ತೇನೆಂದು ನಿರ್ವಾಣಪ್ಪ ಮೇಷ್ಟ್ರು ಪಾರ್ಕಿನ ಗೆಳೆಯರ ಮುಂದೆ ವರ್ಷವಿಡೀ ಕೊಚ್ಚಿಕೊಂಡಿದ್ದರು. ಈ ಭಾನುವಾರ ಎಲ್ಲರೂ ಒಟ್ಟಿಗೇ ಹತ್ತೋಣವೆಂದು ಗೆಳೆಯರು ತೀರ್ಮಾನಿಸಿದರು. ಸುಳ್ಳು ಬಯಲಾದರೆ ಮತ್ತೆ ಪಾರ್ಕಿನಲ್ಲಿ ಮುಖ ತೋರಿಸುವಂತಿರಲಿಲ್ಲ. ಶನಿವಾರವೇ ಬೆಟ್ಟದ ಪೂಜಾರಿಗೆ ಫೋನು ಮಾಡಿ, ತಿಂಗಳ ದೀಪದೆಣ್ಣೆಯ ಆಸೆ ತೋರಿಸಿ, ಸಾಕ್ಷಿ ಹೇಳಲು ಒಪ್ಪಿಸಿದ್ದರು.

ಅರ್ಧ ಬೆಟ್ಟಕ್ಕೇ ಮೇಷ್ಟ್ರಿಗೆ ಏದುಸಿರು ಬಂತು.

"ಏನ್ ಮೇಷ್ಟ್ರೇ, ದಿನಾ ಹತ್ತೋರು ನೀವೇ ಕೂತ್ಬಿಟ್ರಲ್ಲ?" ಎಂದ ಗೆಳೆಯ ಕಲ್ಲೇಶಿ.

"ನಿಮಗೋಸ್ಕರ ನಿಧಾನ ಮಾಡ್ತಿದ್ದೀನಪ್ಪ. ಬೇಕಾದ್ರೆ ಮೇಲೆ ಪೂಜಾರಪ್ಪನ್ನೇ ಕೇಳು."

ಗುಡಿಯ ಬಾಗಿಲಲ್ಲಿ ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದ ಪೂಜಾರಿ, ಒಬ್ಬೊಬ್ಬರ ಮುಖವನ್ನೂ ನೋಡಿ ಭಕ್ತಿಯಿಂದ ಕೇಳಿದರು:

"ನಮ್ಮ ಗುಡಿಗೆ ದಿನಾ ತಪ್ಪದೆ ಬರೋ ನಿರ್ವಾಣಪ್ಪ ಮೇಷ್ಟ್ರು ನಿಮ್ಮಲ್ಲಿ ಯಾರು ಸ್ವಾಮಿ?"