ಮಗಳ ಮುಖಕ್ಕೊಂದು ಪದ್ಯ

ಮುಖಗಳು ಯಾರ ನೆನಪಿನಲ್ಲೂ ನಿಲ್ಲದ ಕಾಲವದು. ಪದ್ಯ ಕಟ್ಟಿ ಹಾಡಿದ ಮುಖ ಮಾತ್ರ ಉಳಿಯುತ್ತಿತ್ತು. ರೋಣದ ಕವಿಬಳಗ ಅರ್ಧ ಊರಿನ ಮುಖಗಳಿಗೆ ಪದ್ಯ ಕಟ್ಟಿಕೊಟ್ಟಿತ್ತು. ಬಳಗಕ್ಕೆ ಹೊಸದಾಗಿ ಸೇರಿದ್ದ, ಬಟ್ಟೆ ಹೊಲಿಯುವ ನೀಲವ್ವನ ಬಳಿಗೆ ಒಂದು ಮುಂಜಾನೆ ರೇಣವ್ವ ಮಗಳನ್ನು ಕರೆತಂದಳು.

"ಅಕ್ಕಾರ, ಇವತ್ತಿಂದ ಸಾಲಿಗೆ ಹೊಂಟಾಳ್ರಿ. ಸಂಜಿ ಮುಂದ ನನಗ ಗುರ್ತ ಸಿಗಬೇಕಲ್ರಿ?"

ನೀಲವ್ವ ಹುಡುಗಿಯನ್ನು ದಿಟ್ಟಿಸಿ ನೋಡಿ, ಅಳುಕುತ್ತಲೇ ಹಾಡಿದಳು: "ಹುಬ್ಬಿನ ಮ್ಯಾಲ ಎಳ್ಳಷ್ಟು ಮಚ್ಚಿ, ನಗುವಾಗ ನೋಡ್ತಾಳ ಕಣ್ಣ ಅರೆಮುಚ್ಚಿ."

ಸಂಜೆ ಮನಸ್ಸು ತಡೆಯದೆ ತಾನೂ ಶಾಲೆಗೆ ಹೋದಳು. ಒಂದೇ ಸಮವಸ್ತ್ರದ ನಲವತ್ತು ಹುಡುಗಿಯರ ನಡುವೆ ರೇಣವ್ವ ಪದ್ಯ ಗುನುಗುತ್ತ ನಡೆದು, ತನ್ನ ಮಗಳನ್ನೇ ಎತ್ತಿಕೊಂಡಳು.

ಹುಡುಗಿ ಮಾತ್ರ ಕೊಸರಾಡಿದಳು. "ನೀ ನಮ್ಮವ್ವ ಅಂತ ನನಗ ಹೆಂಗ ಗೊತ್ತಾಗಬೇಕು?"

ನೀಲವ್ವ ಶಾಲೆಯ ಮೆಟ್ಟಿಲ ಮೇಲೆಯೇ ಕುಳಿತು, ರೇಣವ್ವನ ಮುಖವನ್ನು ಮೆಲ್ಲಗೆ ತನ್ನತ್ತ ತಿರುಗಿಸಿಕೊಂಡಳು.