ಏಳನೇ ತಿಂಗಳ ಅಳತೆ

"ಇದೇನು ನೈಟಿನೋ, ಜೋಳದ ಚೀಲನೋ? ನಿನ್ನ ಪೇಪರ್ ನಂಬಿ ಒಳ್ಳೇ ಬಟ್ಟೆ ಹಾಳು ಮಾಡ್ಕೊಂಡೆ ಕಣಕ್ಕ!" ಶಶಿರೇಖಾ ತಾನೇ ಹೊಲಿದ ನೈಟಿಯನ್ನು ದಾನಮ್ಮನ ಮೇಜಿನ ಮೇಲೆ ಎಸೆದಳು.

ಬಸುರಿಯರ ಉಡುಪಿಗೆ, ಬಟ್ಟೆ ಮೇಲಿಟ್ಟು ಕತ್ತರಿಸುವಂಥ ಅಳತೆಯ ಪೇಪರ್ ಕಟಿಂಗ್ ಮಾಡಿ, ಮನೆಯಲ್ಲೇ ಹೊಲಿದುಕೊಳ್ಳುವವರಿಗೆ ಮಾರುವುದು ದಾನಮ್ಮನ ಕಸುಬು. ಅವಳಿಗೂ ರೇಗಿಹೋಯಿತು.

"ಏಳನೇ ತಿಂಗಳಿಗೆ ಅಂತಾನೇ ಕೊಟ್ಟಿದ್ದೀನಿ. ಈ ಬೀದಿ ಬಸುರಿಯರೆಲ್ಲ ಇದರಲ್ಲೇ ಹೊಲ್ಕೊಂಡಿದ್ದಾರೆ. ಗೆರೆ ಬಿಟ್ಟು ಕತ್ತರಿ ಆಡಿಸಿರೋಳು ನೀನು!"

"ಗೆರೆ ಮೇಲೇ ಕತ್ತರಿಸಿದೀನಿ. ನಾವೇನು ಚಿತ್ತಾರ ಕೇಳ್ತೀವಾ? ಮೈಗೆ ಕೂರೋ ಅಳತೆ ಕೇಳ್ತೀವಿ. ಅಷ್ಟು ಕೊಡೋಕಾಗದಿದ್ರೆ ಯಾಕೆ ಮಾರ್ತೀಯ?"

"ಹೋದ ತಿಂಗಳು ಕೊಟ್ಟಿದ್ದು ಕೂತಿತ್ತಲ್ಲ?"

"ಕೂತಿತ್ತು. ಹೊಟ್ಟೆ ಹತ್ರ ಬಿಗಿಯಾಗೇ ಇತ್ತು. ಈಗ ಮೈಮೇಲಿರೋದು ಅದೇ, ನೋಡು. ಇದೂ ಜೋತು ಬಿದ್ದಿದೆ. ನಿನ್ನದು ಒಂದೂ ನೆಟ್ಟಗಿಲ್ಲ!"

ಬೈಯಲು ಬಾಯಿ ತೆರೆದಿದ್ದ ದಾನಮ್ಮ ಆ ಹಳೇ ನೈಟಿಯ ಸಡಿಲವನ್ನು ಹಿಡಿದು ನೋಡಿದಳು. ಟೇಪು ಎಳೆದು ಅವಳ ಹೊಟ್ಟೆಗೆ ಸುತ್ತಿದಳು. ಹೋದ ತಿಂಗಳು ತಾನೇ ಅಳೆದಿದ್ದಳು. ಈಗ ಅದಕ್ಕಿಂತ ಕಡಿಮೆ ಬಂತು. ಮತ್ತೊಮ್ಮೆ ಸುತ್ತಿದಳು. ಅಷ್ಟೇ ಬಂತು.

"ಈಗಲಾದ್ರೂ ಒಪ್ಕೋ. ಪೇಪರ್ ತಪ್ಪು ತಾನೆ?"

ದಾನಮ್ಮನ ದನಿಯಲ್ಲಿ ಜಗಳವೇ ಉಳಿದಿರಲಿಲ್ಲ.

"ಮಗು ಒದ್ದು ಎಷ್ಟು ದಿನ ಆಯ್ತು, ತಾಯಿ?"

ಶಶಿರೇಖಾಳ ಕೈ ಹೊಟ್ಟೆಯ ಮೇಲೆ ಹೋಗಿ ಅಲ್ಲೇ ನಿಂತಿತು. ಮೇಜಿನ ಮೇಲಿದ್ದ ನೈಟಿಯನ್ನು ಮುಟ್ಟದೆ ಹೊರಗೆ ಹೋದವಳು ಮತ್ತೆ ದಾನಮ್ಮನ ಮನೆಯ ಕಡೆ ಬರಲಿಲ್ಲ.