ಎದೆಯ ಗೇಟ್‌ಕೀಪರ್‌ಗಳು

ಆಪರೇಷನ್ ಮಾಡಬೇಕಿದ್ದ ಡಾಕ್ಟರಮ್ಮ ರಿಪೋರ್ಟಿನ ಕವರ್ ಬಿಚ್ಚುತ್ತಿದ್ದಂತೆ ಮಾವನ ಮುಖ ಕ್ಲೈಮ್ಯಾಕ್ಸ್‌ನಲ್ಲಿ ಕರೆಂಟು ಹೋದ ಥಿಯೇಟರಿನಂತಾಯಿತು. ಅಂಗೈ ಎದೆಗೆ ಅಡ್ಡವಾಗಿ ಒತ್ತಿ ಕೂತಿದ್ದರು. ಪಕ್ಕದಲ್ಲಿದ್ದ ಅಳಿಯ ಸಾವಿನ ಮನೆಯಲ್ಲೂ ಡೈಲಾಗ್ ಹೊಡೆಯುವ ಆಸಾಮಿ. ಅವನ ಬಾಯಿಗೂ ಬೀಗ ಬಿದ್ದಿತ್ತು.

ಮಾವ ಸಿನಿಮಾ ಥಿಯೇಟರಿನ ಗೇಟ್‌ಕೀಪರ್. ಟಿಕೆಟ್ ಇಲ್ಲದೆ ನೊಣವನ್ನೂ ಒಳಗೆ ಬಿಟ್ಟವರಲ್ಲ. ಮದುವೆಯಾದ ಹೊಸದರಲ್ಲಿ ಅಳಿಯ ಹಲ್ಲು ಕಿರಿಯುತ್ತ ನುಗ್ಗಲು ನೋಡಿದಾಗ, "ಅಳಿಯತನ ಎಲ್ಲ ಮನೇಲಿ. ಕೌಂಟರ್ ಆ ಕಡೆ," ಎಂದು ಕೈ ತೋರಿಸಿದ್ದರು. ಅಂಥವರ ಬಲ ಶ್ವಾಸಕೋಶದಲ್ಲಿ ಕ್ಯಾನ್ಸರ್ ಟಿಕೆಟ್ ಇಲ್ಲದೆ ಬಂದು ಕೂತಿತ್ತು.

ಅದನ್ನು ಕೊಯ್ದು ತೆಗೆಯುವ ಮುಂಚೆ ಎದೆಯ ನಡುವಿನ ದುಗ್ಧರಸ ಗ್ರಂಥಿಗಳನ್ನು ನೋಡಬೇಕು, ಅಲ್ಲಿಗೂ ಹಬ್ಬಿದ್ದರೆ ಆಪರೇಷನ್‌ನಿಂದ ಉಪಯೋಗವಿಲ್ಲ ಎಂದಿದ್ದರು ಡಾಕ್ಟರಮ್ಮ. ಬಾಯಿಯಿಂದ ಪೈಪು ಇಳಿಸಿ, ಸೂಜಿಯಲ್ಲಿ ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ದರು. ಆ ಗ್ರಂಥಿಗಳೆಂದರೆ ರೋಗವನ್ನು ತಡೆಯುವ ಎದೆಯೊಳಗಿನ ಗೇಟ್‌ಕೀಪರ್‌ಗಳು ಎಂದು ಅಳಿಯ ಬಿಡಿಸಿ ಹೇಳಿದ್ದೇ ತಪ್ಪಾಯಿತು. ಅವತ್ತಿನಿಂದ ಮಾವನಿಗೆ ಊಟ ಸೇರಲಿಲ್ಲ. ಅವರಲ್ಲಿ ಒಬ್ಬ ತೂಕಡಿಸಿದ್ದರೂ ತಾನು ಕೆಟ್ಟೆ ಎಂದು, ಪೈಪು ಇಳಿದು ಒಡೆದ ದನಿಯಲ್ಲಿ ಗೊಣಗಿದ್ದೇ ಗೊಣಗಿದ್ದು.

"ಯಾವ ಗ್ರಂಥಿಯಲ್ಲೂ ಕ್ಯಾನ್ಸರ್ ಸಿಕ್ಕಿಲ್ಲ," ಡಾಕ್ಟರಮ್ಮ ತಲೆಯೆತ್ತಿದರು. "ಆಪರೇಷನ್ ಮಾಡ್ಬೋದು."

ಇಂಜೆಕ್ಷನ್ ಸೂಜಿ ಕಂಡರೇ ಬೆವರುವ ಮನುಷ್ಯ, ಎದೆ ಕೊಯ್ಯುತ್ತೇವೆ ಎಂದದ್ದಕ್ಕೆ ಬಾಯಿ ತುಂಬ ನಕ್ಕರು. ಅಳಿಯನ ಬೀಗವೂ ಕಳಚಿತು.

"ನಾನು ಹೇಳ್ಲಿಲ್ವಾ ಮಾವ? ಅಳಿಯನ್ನೇ ಬಿಡದ ಜನ, ವಿಲನ್‌ನ ಬಿಡ್ತಾರಾ?"

"ಹೌಸ್‌ಫುಲ್ ಅಂದಿರ್ತಾರೆ ಕಣೋ," ಎಂದ ಮಾವ ಕಣ್ಣೊರೆಸಿಕೊಂಡರು.

ಡಾಕ್ಟರಮ್ಮ ಅಡ್ಮಿಷನ್ ಚೀಟಿ ಬರೆದು ಕೈಗಿತ್ತರು. ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಅಳಿಯ ತಡೆಯುವಷ್ಟರಲ್ಲಿ ಚೀಟಿ ಪರ್ರನೆ ಎರಡಾಯಿತು. ಒಂದು ತುಂಡು ಮಾವನ ಜೇಬು ಸೇರಿತು. ಇನ್ನೊಂದನ್ನು ಡಾಕ್ಟರಮ್ಮನಿಗೆ ವಾಪಸ್ ಕೊಟ್ಟು, ಕೈಯನ್ನು ಮತ್ತೆ ಎದೆಗೆ ಅಡ್ಡ ಇಟ್ಟು, ಬಾಗಿಲ ಪರದೆಯಂತೆ ಪಕ್ಕಕ್ಕೆ ಸರಿಸಿದರು.

"ಒಳಗೆ ಹೋಗಿಮ್ಮಾ."